ಪರವಾಗಿಲ್ಲ ಎಂಬ ದುಬಾರಿ ಮಾತು

ನಮ್ಮ ಭಾಷೆಯಲ್ಲಿ ಒಂದು ಪದ ಇದೆ. ಕಾಲು ತುಳಿದವರಿಗೂ ಅದನ್ನೇ ಹೇಳುತ್ತೇವೆ, ತಡವಾಗಿ ಬಂದವರಿಗೂ ಅದನ್ನೇ, ‘ಜ್ವರ ಹೇಗಿದೆ’ ಎಂದು ಕೇಳಿದವರಿಗೂ ಅದನ್ನೇ. ‘ಪರವಾಗಿಲ್ಲ.’ ಬಹಳ ಸಜ್ಜನ ಪದ. ನನ್ನ ಮೊದಲ ಅಡ್ವೆಂಚರ್ ರೇಸಿನ ಎರಡನೇ ಗಂಟೆಯಲ್ಲಿ ನಾನೂ ಇದನ್ನು ಹೇಳಿದ್ದೆ.

ಹೊಳೆ ದಾಟುವಾಗ ಬಲಗಾಲಿನ ಶೂ ಒಳಗೆ ಮರಳು ಸೇರಿತ್ತು. ಪಕ್ಕದಲ್ಲಿದ್ದವಳು ನೋಡಿದಳು. ‘ಕಾಲು ಒಂಥರಾ ಇಡ್ತಿದೀಯ, ನಿಲ್ಲೋಣ್ವಾ?’ ಅಂದಳು. ಶೂ ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಳ್ಳಲು ಎರಡು ನಿಮಿಷ ಸಾಕಿತ್ತು. ಆದರೆ ನನ್ನೊಬ್ಬನಿಗಾಗಿ ಮೂವರು ನಿಲ್ಲಬೇಕಲ್ಲ ಎಂಬ ಸಂಕೋಚ. ಪರವಾಗಿಲ್ಲ ಅಂದೆ. ಕತ್ತಲಾಗುವ ಹೊತ್ತಿಗೆ ಹಿಮ್ಮಡಿಯ ಚರ್ಮ ಸುಲಿದಿತ್ತು. ಅಲ್ಲಿಂದ ಮುಂದೆ ಇಪ್ಪತ್ತು ಕಿಲೋಮೀಟರ್ ನಡಿಗೆ. ಗಂಟೆಗೆ ಐದು ಕಿಲೋಮೀಟರ್ ಹೋಗಬೇಕಾದ ತಂಡ ಮೂರರ ವೇಗದಲ್ಲಿ ಹೋಯಿತು. ನೀವೇ ಲೆಕ್ಕ ಹಾಕಿ: ನಾಲ್ಕು ಗಂಟೆಯ ದಾರಿಗೆ ಆರು ಗಂಟೆ ನಲವತ್ತು ನಿಮಿಷ. ಎರಡು ನಿಮಿಷ ಉಳಿಸಲು ಹೋಗಿ ಎರಡು ಗಂಟೆ ನಲವತ್ತು ನಿಮಿಷ ಕಳೆದೆ. ನನ್ನದೊಂದೇ ಅಲ್ಲ, ನಾಲ್ವರದೂ.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಲೆಕ್ಕದ ಬಗ್ಗೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಡ್ವೆಂಚರ್ ರೇಸ್ ಎಂದರೆ ನಡಿಗೆ, ಮೌಂಟನ್ ಸೈಕಲ್, ಕಯಾಕ್, ಜೊತೆಗೆ ಬಂಡೆಯ ಮೇಲಿಂದ ಹಗ್ಗದಲ್ಲಿ ಇಳಿಯುವಂಥ ಕೆಲಸಗಳು, ಎಲ್ಲವೂ ಒಂದರ ಹಿಂದೊಂದು ಬರುವ ಓಟ. ಚಿಕ್ಕದಾದರೆ ಕೆಲವು ಗಂಟೆ, ದೊಡ್ಡದಾದರೆ ವಾರ ದಾಟುತ್ತದೆ. ಗುರುತು ಹಾಕಿದ ದಾರಿ ಇರುವುದಿಲ್ಲ. ಕೈಗೆ ನಕ್ಷೆ ಕೊಡುತ್ತಾರೆ, ಅದರ ಮೇಲೆ ಚೆಕ್‌ಪಾಯಿಂಟ್‌ಗಳಿರುತ್ತವೆ. ಅಲ್ಲಿಗೆ ಹೇಗೆ ಹೋಗುತ್ತೀರೋ ನಿಮ್ಮ ಪಾಡು. ಸಾಮಾನ್ಯವಾಗಿ ಜಿಪಿಎಸ್‌ಗೆ ಅನುಮತಿ ಇಲ್ಲ; ಮೊಬೈಲ್ ಇದ್ದರೂ ಸೀಲ್ ಮಾಡಿದ ಚೀಲದೊಳಗೆ, ಪ್ರಾಣಕ್ಕೆ ಬಂದಾಗ ಮಾತ್ರ. ದೊಡ್ಡ ರೇಸ್‌ಗಳಲ್ಲಿ ನಡುವೆ ಗಡಿಯಾರ ನಿಲ್ಲುವುದೂ ಇಲ್ಲ. ಮಲಗಿದರೆ ಮಲಗಿದ ಹೊತ್ತೂ ನಿಮ್ಮ ಲೆಕ್ಕಕ್ಕೇ.

1989ರಲ್ಲಿ ಫ್ರಾನ್ಸಿನ ಜೆರಾರ್ ಫ್ಯೂಸಿಲ್ ಎಂಬ ಪತ್ರಕರ್ತ ನ್ಯೂಜಿಲೆಂಡ್‌ನಲ್ಲಿ ‘ರೇಡ್ ಗೊಲ್ವಾಜ್’ ನಡೆಸಿದಾಗ ಈ ಆಟಕ್ಕೆ ಇಂದಿನ ರೂಪ ಬಂತು. ಆಗ ಐವರ ತಂಡ, ಅದರಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು. 1995ರಲ್ಲಿ ಅಮೆರಿಕದ ಯೂಟಾದಲ್ಲಿ ‘ಇಕೋ ಚಾಲೆಂಜ್’ ಶುರುವಾಗಿ, ಟಿವಿಯಿಂದಾಗಿ ಜಗತ್ತಿಗೆ ಗೊತ್ತಾಯಿತು. ಅದು 2002ರ ನಂತರ ನಿಂತುಹೋಗಿ, 2019ರಲ್ಲಿ ಫಿಜಿಯಲ್ಲಿ ಮತ್ತೆ ನಡೆಯಿತು: 66 ತಂಡ, 671 ಕಿಲೋಮೀಟರ್, ಮುಗಿಸಲು ಹನ್ನೊಂದು ದಿನ. ಈಗ ದೊಡ್ಡ ರೇಸ್‌ಗಳಲ್ಲೆಲ್ಲ ರೂಢಿಯಲ್ಲಿರುವುದು ನಾಲ್ವರ ತಂಡ, ಗಂಡಸರೂ ಹೆಂಗಸರೂ ಸೇರಿ.

ಇತಿಹಾಸ ಇಷ್ಟು ಸಾಕು. ಮುಖ್ಯವಾದದ್ದು ಇನ್ನೊಂದು ನಿಯಮ. ನಾಲ್ವರೂ ಒಟ್ಟಿಗೇ ಇರಬೇಕು. ಎಷ್ಟು ಒಟ್ಟಿಗೆ ಎಂಬುದನ್ನೂ ಮೀಟರಿನಲ್ಲಿ ಬರೆದಿರುತ್ತಾರೆ, ಐವತ್ತೋ ನೂರೋ. ತಂಡದ ಸಮಯ ಬರೆದುಕೊಳ್ಳುವುದು ನಾಲ್ಕನೆಯವರು ಗೆರೆ ದಾಟಿದಾಗ. ರಿಲೇ ಓಟದಲ್ಲಿ ನಿಮ್ಮ ಪಾಲು ಓಡಿ ಕೂತುಬಿಡಬಹುದು. ಕ್ರಿಕೆಟ್‌ನಲ್ಲಿ ಒಬ್ಬ ಸೊನ್ನೆಗೆ ಔಟಾದರೂ ಇನ್ನೊಬ್ಬ ನೂರು ಹೊಡೆದು ಸರಿದೂಗಿಸಬಹುದು. ಇಲ್ಲಿ ಆ ಸೌಲಭ್ಯ ಇಲ್ಲ. ನೀವು ಎಷ್ಟೇ ಬೇಗ ಓಡಿದರೂ ನೂರು ಮೀಟರ್ ಮುಂದೆ ಹೋಗಿ ಕಾಯುತ್ತ ನಿಲ್ಲಬಹುದು, ಅಷ್ಟೇ. ನಾನು ಕಂಡ ಹಾಗೆ, ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತು ಕಾಯುವವರಷ್ಟು ತಂಡವನ್ನು ಹಾಳು ಮಾಡುವವರು ಬೇರೆ ಇಲ್ಲ. ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುವುದಕ್ಕೂ ಇವರು ಮತ್ತೆ ಹೊರಡುವುದಕ್ಕೂ ಸರಿಹೋಗುತ್ತದೆ. ವಿಶ್ರಾಂತಿ ಸಿಕ್ಕಿದ್ದು ಯಾರಿಗೆ? ಅದು ಬೇಕಾಗಿಲ್ಲದವರಿಗೆ.

ಹಾಗಾದರೆ ಹಿಂದಿನವರನ್ನು ಏನು ಮಾಡಬೇಕು? ಕಟ್ಟಿ ಎಳೆಯಬೇಕು. ತಮಾಷೆಗೆ ಹೇಳುತ್ತಿಲ್ಲ.

ಸೈಕಲ್ ಸೀಟಿನ ಕೆಳಗಿನ ಕಂಬಕ್ಕೆ ಒಂದು ಎಲಾಸ್ಟಿಕ್ ಹಗ್ಗ ಕಟ್ಟಿರುತ್ತೇವೆ. ಅದರ ತುದಿಯ ಕುಣಿಕೆಯನ್ನು ಹಿಂದಿನವರು ತಮ್ಮ ಹ್ಯಾಂಡಲ್ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ಎಲಾಸ್ಟಿಕ್ ಯಾಕೆಂದರೆ, ಬರೀ ಹಗ್ಗವಾದರೆ ಮುಂದಿನವರು ಪೆಡಲ್ ತುಳಿದಾಗೆಲ್ಲ ಹಿಂದಿನವರಿಗೆ ಜಗ್ಗಿದಂತಾಗಿ ಕೈ ತಪ್ಪುತ್ತದೆ. ಎಲಾಸ್ಟಿಕ್ ಆ ಜಗ್ಗುವಿಕೆಯನ್ನು ನುಂಗಿಕೊಂಡು ಒಂದೇ ಸಮನೆ ಎಳೆಯುತ್ತದೆ. ಇಳಿಜಾರು ಬಂತೋ, ತಕ್ಷಣ ಬಿಚ್ಚಬೇಕು. ಒಂದೇ ಕೈಯಲ್ಲಿ, ನೋಡದೆ, ಕತ್ತಲಲ್ಲಿ ಬಿಚ್ಚಲು ಬರುವಂತಿರಬೇಕು. ಮನೆಯಲ್ಲಿ ಅಭ್ಯಾಸ ಮಾಡದೆ ರೇಸಿನ ದಿನವೇ ಮೊದಲ ಸಲ ಕಟ್ಟಿದರೆ ಇಬ್ಬರೂ ಬೀಳುತ್ತೀರಿ. ನಾವು ಬಿದ್ದಿದ್ದೇವೆ. ನಡಿಗೆಯಲ್ಲೂ ಇದೇ: ಮುಂದಿನವರ ಬೆನ್ನುಚೀಲದಿಂದ ಹಿಂದಿನವರ ಸೊಂಟಕ್ಕೆ ಎರಡು ಮೂರು ಮೀಟರ್ ಹಗ್ಗ. ಏರು ಹತ್ತುವಾಗ ಅದು ಕೊಡುವ ಬಲ ತೂಕಕ್ಕೆ ಹಾಕಿದರೆ ಅಲ್ಪ, ಆದರೆ ಗಂಟೆಗಟ್ಟಲೆ ಸಿಗುವ ಅಲ್ಪ.

ಎಳೆಯುವುದು ಕಷ್ಟವಲ್ಲ, ಅದರಲ್ಲಿ ಒಂದು ಗತ್ತು ಇದೆ. ಎಳೆಸಿಕೊಳ್ಳುವುದು ಕಷ್ಟ. ಮೊದಲ ಸಲ ನನ್ನ ಮುಂದೆ ಆ ಕುಣಿಕೆ ಬಂದಾಗ ನಾನು ಏನಂದೆ ಎಂದು ನಿಮಗೆ ಗೊತ್ತೇ ಇದೆ. ಆಗ ಹಗ್ಗ ಹಿಡಿದಿದ್ದವಳು ಬೈದಳು: ‘ನಿನ್ನ ಮರ್ಯಾದೆ ಕಾಯೋಕೆ ನಾವು ಮೂವರು ಇಲ್ಲಿ ಚಳೀಲಿ ನಿಂತಿಲ್ಲ ಕಣೋ, ಹಾಕ್ಕೋ!’ ಹಾಕಿಕೊಂಡೆ. ಹತ್ತು ನಿಮಿಷದಲ್ಲಿ ಉಸಿರು ಹತೋಟಿಗೆ ಬಂತು, ಇಪ್ಪತ್ತು ನಿಮಿಷದಲ್ಲಿ ಸುತ್ತಲಿನ ಬೆಟ್ಟ ಕಾಣತೊಡಗಿತು. ಅಲ್ಲಿಯವರೆಗೂ ನನಗೆ ಕಂಡಿದ್ದು ಮುಂದಿನ ಚಕ್ರದ ಟೈರ್ ಒಂದೇ. ನಾಲ್ಕು ಗಂಟೆಯ ನಂತರ ನೀರಿಗಿಳಿದಾಗ ಅವಳ ಭುಜ ಸೋತಿತ್ತು, ಹುಟ್ಟು ಹಾಕಿದವನು ನಾನು. ನಾಲ್ಕು ಬಗೆಯ ಕೆಲಸ ಇರುವ ಓಟದಲ್ಲಿ ‘ದುರ್ಬಲ’ ಎನ್ನುವವರು ಒಬ್ಬರೇ ಆಗಿ ಉಳಿಯುವುದಿಲ್ಲ. ಆ ಪಟ್ಟ ಸರದಿಯ ಮೇಲೆ ಸುತ್ತುತ್ತದೆ. ಅದಕ್ಕೇ ಇಬ್ಬಿಬ್ಬರು ಕೂರುವ ಎರಡು ಕಯಾಕ್ ಕೊಟ್ಟಾಗ ಬಲಶಾಲಿಗಳಿಬ್ಬರೂ ಒಂದರಲ್ಲಿ ಕೂರಬಾರದು. ಒಂದು ದೋಣಿ ಹಾರಿಹೋಗಿ ಇನ್ನೊಂದಕ್ಕಾಗಿ ಕಾದರೆ ಏನು ಬಂತು? ಎರಡೂ ದೋಣಿ ಸಮನಾಗಿ ಸಾಗುವಂತೆ ಹಂಚಿಕೊಳ್ಳಬೇಕು.

ಹಗ್ಗದ ಮಾತು ಬಂದಿದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗೆಲ್ಮನ್ ಎಂಬ ಕೃಷಿ ಎಂಜಿನಿಯರ್ ಇದ್ದರು. ಜನರಿಂದ ಹಗ್ಗ ಎಳೆಸಿ ಬಲ ಅಳೆದರು. ಫಲಿತಾಂಶ 1913ರಲ್ಲಿ ಪ್ರಕಟವಾಯಿತು. ಎಂಟು ಜನ ಒಟ್ಟಿಗೆ ಎಳೆದಾಗ, ಒಬ್ಬೊಬ್ಬರಿಂದ ಬಂದ ಬಲ ಅವರು ಒಬ್ಬಂಟಿಯಾಗಿ ಎಳೆದಾಗಿನ ಅರ್ಧದಷ್ಟೇ ಇತ್ತು. ಒಂದೇ ಕ್ಷಣಕ್ಕೆ ಎಲ್ಲರ ಎಳೆತ ಕೂಡಿಬರುವುದಿಲ್ಲ ಎಂಬುದು ಒಂದು ಕಾರಣ; ಯಾರೋ ಎಳೆಯುತ್ತಾರೆ ಬಿಡು ಎಂಬುದು ಇನ್ನೊಂದು ಎಂದು ನಂತರದವರು ತೋರಿಸಿದರು. ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಅಂದ ನಮ್ಮವರಿಗೆ ಮೊದಲ ಕಾರಣ ಗೊತ್ತೇ ಇತ್ತು. ನನಗೆ ಇಷ್ಟವಾಗುವುದು ಮಾತ್ರ ಇನ್ನೊಂದು ಗಾದೆ: ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಒಬ್ಬರು ಕುಸಿದಾಗ ಅವರ ಚೀಲವನ್ನು ಇಡಿಯಾಗಿ ಇನ್ನೊಬ್ಬರು ಹೊತ್ತರೆ ಎರಡು ಗಂಟೆಗೆ ಎರಡನೆಯವರೂ ಕುಸಿಯುತ್ತಾರೆ. ಚೀಲ ಬಿಚ್ಚಿ ನೀರು ಒಬ್ಬರಿಗೆ, ಜಾಕೆಟ್ ಒಬ್ಬರಿಗೆ, ಹೆಲ್ಮೆಟ್ ಇನ್ನೊಬ್ಬರಿಗೆ ಎಂದು ಹಂಚಿದರೆ ಯಾರಿಗೂ ಅದು ಹೊರೆ ಎನಿಸುವುದಿಲ್ಲ. ಹಂಚಲು ಒಂದು ನಿಮಿಷ ಬೇಕು. ಕುಸಿಯುವ ಮೊದಲೇ ಹೇಳಿದ್ದರೆ ಆ ಒಂದು ನಿಮಿಷವೇ ಸಾಕು.

ಇನ್ನು ನಿಲ್ಲುವ ಲೆಕ್ಕ. ಒಂದು ವಿಭಾಗ ಮುಗಿಸಿ ಇನ್ನೊಂದಕ್ಕೆ ಹೊರಡುವ ಜಾಗಕ್ಕೆ ಟ್ರಾನ್ಸಿಷನ್ ಎನ್ನುತ್ತೇವೆ. ನಮ್ಮ ಸೈಕಲ್ ಪೆಟ್ಟಿಗೆ, ಬಟ್ಟೆ, ತಿನಿಸು ಅಲ್ಲಿ ಕಾಯುತ್ತಿರುತ್ತವೆ. ಹೊಸಬರು ಅಲ್ಲಿಗೆ ಬಂದ ಕೂಡಲೇ ಮನೆಗೆ ಬಂದವರಂತೆ ಕೂತುಬಿಡುತ್ತಾರೆ. ಹತ್ತು ಟ್ರಾನ್ಸಿಷನ್ ಇರುವ ರೇಸಿನಲ್ಲಿ ಪ್ರತಿಯೊಂದರಲ್ಲೂ ಅರ್ಧ ಗಂಟೆ ಹೆಚ್ಚು ಕೂತರೆ ಐದು ಗಂಟೆ. ಅದೇ ಐದು ಗಂಟೆಯನ್ನು ಕಾಲಿನ ಬಲದಿಂದ ಗಳಿಸಬೇಕಾದರೆ ವರ್ಷವಿಡೀ ಬೆವರು ಸುರಿಸಬೇಕು! ಆದರೂ ನಾವೆಲ್ಲ ವಾರಕ್ಕೆ ಐದು ದಿನ ಓಡುತ್ತೇವೆ, ಪೆಟ್ಟಿಗೆಯಿಂದ ಸೈಕಲ್ ತೆಗೆದು ಹ್ಯಾಂಡಲ್, ಪೆಡಲ್ ಜೋಡಿಸುವುದನ್ನು ಒಂದು ದಿನವೂ ಅಭ್ಯಾಸ ಮಾಡುವುದಿಲ್ಲ.

ನಾವು ಈಗ ಮಾಡುವುದು ಹೀಗೆ. ಟ್ರಾನ್ಸಿಷನ್‌ಗೆ ಇನ್ನೊಂದು ಕಿಲೋಮೀಟರ್ ಇದೆ ಎನ್ನುವಾಗಲೇ ನಡೆಯುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ: ನಾನು ಸೈಕಲ್, ನೀನು ನೀರು, ಅವಳು ನಕ್ಷೆ ಮಾತ್ರ, ಬೇರೆ ಏನೂ ಮುಟ್ಟಬಾರದು. ಕೂತವರು ಮೊದಲು ಶೂ ಬಿಚ್ಚಿ ಪಾದಕ್ಕೆ ಗಾಳಿ ಆಡಿಸಬೇಕು, ಆಮೇಲೆ ತಿನ್ನಬೇಕು. ಈ ಕ್ರಮ ಯಾಕೆ? ತಿನ್ನುವ ಹೊತ್ತೆಲ್ಲ ಪಾದ ಒಣಗುತ್ತಿರುತ್ತದೆ. ದಿನಗಟ್ಟಲೆ ಒದ್ದೆಯಾಗಿದ್ದ ಪಾದದ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಕ್ಕುಗಟ್ಟಿ, ಚಿಕ್ಕ ಮಡಿಕೆಯೂ ಚಾಕುವಿನಂತೆ ಕುಯ್ಯುತ್ತದೆ. ಈ ರೇಸ್‌ಗಳಲ್ಲಿ ಮಂಡಿ, ಬೆನ್ನು, ಹೃದಯ ಎಲ್ಲ ಗಟ್ಟಿಯಿದ್ದವರನ್ನೂ ಪಾದ ಕೂರಿಸಿಬಿಡುತ್ತದೆ. ಆದ್ದರಿಂದ ನಮ್ಮ ತಂಡದಲ್ಲಿ ಪಾದ ಖಾಸಗಿ ಆಸ್ತಿಯಲ್ಲ. ಪ್ರತಿ ಟ್ರಾನ್ಸಿಷನ್‌ನಲ್ಲಿ ಪಕ್ಕದವರು ನೋಡುತ್ತಾರೆ. ವಾಸನೆಯ ಬಗ್ಗೆ ಕೇಳಬೇಡಿ.

ನಕ್ಷೆಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ತಂಡಗಳು ಅತಿ ಹೆಚ್ಚು ಹೊತ್ತು ಕಳೆದುಕೊಳ್ಳುವುದು ಇಲ್ಲೇ.

1:50,000 ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ದಿಕ್ಸೂಚಿ ಹಿಡಿದು ನಡೆಯುವಾಗ ಐದು ಡಿಗ್ರಿ ವಾಲಿದರೆ ಒಂದು ಕಿಲೋಮೀಟರ್ ಮುಗಿಯುವಾಗ ಸುಮಾರು 87 ಮೀಟರ್ ಪಕ್ಕಕ್ಕೆ ಬಂದಿರುತ್ತೀರಿ. ರಾತ್ರಿ, ಪೊದೆಗಳ ನಡುವೆ, 87 ಮೀಟರ್ ಎಂದರೆ ಚೆಕ್‌ಪಾಯಿಂಟ್ ಇಲ್ಲವೇ ಇಲ್ಲ ಎಂದೇ ಲೆಕ್ಕ. ಆದರೆ ಇಂಥ ತಪ್ಪು ಸರಿಪಡಿಸುವುದು ಸುಲಭ. ಬೇಕೆಂದೇ ಚೆಕ್‌ಪಾಯಿಂಟ್‌ನ ಒಂದು ಪಕ್ಕಕ್ಕೆ ಗುರಿಯಿಟ್ಟು ಹೋಗಿ, ಅದು ಇರುವ ಹಳ್ಳವನ್ನೋ ದಾರಿಯನ್ನೋ ಮುಟ್ಟಿದರೆ ಯಾವ ಕಡೆಗೆ ತಿರುಗಬೇಕು ಎಂಬ ಅನುಮಾನವೇ ಇರುವುದಿಲ್ಲ. ದೊಡ್ಡ ತಪ್ಪುಗಳು ದಿಕ್ಸೂಚಿಯಿಂದ ಬರುವುದಿಲ್ಲ.

ಒಂದು ರಾತ್ರಿ ನಾವು ಒಂದು ಹಳ್ಳ ಹಿಡಿದು ಇಳಿಯುತ್ತಿದ್ದೆವು. ನಕ್ಷೆಯ ಪ್ರಕಾರ ಹಳ್ಳ ಎಡಕ್ಕೆ ತಿರುಗಬೇಕು. ನಮ್ಮ ಮುಂದಿನ ಹಳ್ಳ ಬಲಕ್ಕೆ ತಿರುಗಿತು. ನಕ್ಷೆ ಹಿಡಿದಿದ್ದ ಗೆಳೆಯ ಸ್ವಲ್ಪ ನೋಡಿ, ‘ನಕ್ಷೆ ಹಳೇದು, ಮಳೆಗೆ ಹಳ್ಳ ದಿಕ್ಕು ಬದಲಿಸಿರುತ್ತೆ’ ಅಂದ. ನೀವು ನಗುತ್ತಿದ್ದೀರಿ. ಅವತ್ತು ಬೆಳಗಿನ ಜಾವ ಮೂರು ಗಂಟೆಗೆ ನಾವು ನಾಲ್ವರೂ ಇದನ್ನು ಒಪ್ಪಿದೆವು. ಮುಂದೆ ಇರಬಾರದ ಒಂದು ಗುಡ್ಡ ಬಂತು, ಅದಕ್ಕೂ ಒಂದು ಸಮಜಾಯಿಷಿ ಸಿಕ್ಕಿತು. ತಪ್ಪಿದವರು ನೆಲವನ್ನು ನಕ್ಷೆಗೆ ಹೊಂದಿಸುತ್ತ ಹೋಗುತ್ತಾರೆ. ಬೆಟ್ಟವನ್ನೇ ಸರಿಸುತ್ತಾರೆ, ತಮ್ಮ ಬೆರಳನ್ನು ಸರಿಸುವುದಿಲ್ಲ. ಒಂದು ಗಂಟೆ ಐವತ್ತು ನಿಮಿಷದ ನಂತರ ವಾಪಸ್ ಹತ್ತುವಾಗ ಹಿಂದಿನಿಂದ ಒಂದು ದನಿ ಬಂತು: ‘ಆ ತಿರುವಿನಲ್ಲೇ ನಂಗೆ ಡೌಟ್ ಬಂದಿತ್ತು.’

ಯಾಕಪ್ಪಾ ಹೇಳಲಿಲ್ಲ ಅಂದರೆ, ‘ಪರವಾಗಿಲ್ಲ, ಅವನಿಗೆ ಗೊತ್ತಿರುತ್ತೆ ಅಂದ್ಕೊಂಡೆ.’

ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ನಕ್ಷೆ ಒಬ್ಬರದೇ, ಅದರಲ್ಲಿ ಬದಲಾವಣೆ ಇಲ್ಲ. ನಾಲ್ವರೂ ನಕ್ಷೆ ನೋಡುತ್ತ ನಿಂತರೆ ಅಲ್ಲೇ ಬೆಳಗಾಗುತ್ತದೆ. ಆದರೆ ಇನ್ನೊಬ್ಬರಿಗೆ ಒಂದು ಪ್ರಶ್ನೆ ಕೇಳುವ ಕೆಲಸ ಕೊಟ್ಟೆವು: ‘ಮುಂದೆ ಏನು ಕಾಣಬೇಕು, ಎಷ್ಟು ಹೊತ್ತಿಗೆ?’ ಉತ್ತರ ಗಟ್ಟಿಯಾಗಿ ಬರಬೇಕು, ‘ಇಪ್ಪತ್ತು ನಿಮಿಷಕ್ಕೆ ಎಡಗಡೆ ಒಂದು ಕೆರೆ’ ಎಂದು. ಇಪ್ಪತ್ತೈದು ನಿಮಿಷವಾದರೂ ಕೆರೆ ಬಾರದಿದ್ದರೆ ಯಾರೂ ಯಾರನ್ನೂ ದೂರಬೇಕಾಗಿಲ್ಲ. ಕೆರೆ ಬರಲಿಲ್ಲ, ಅಷ್ಟೇ, ನಿಲ್ಲೋಣ. ಅನುಮಾನ ಪಡುವುದು ಒಬ್ಬರ ಹುದ್ದೆಯಾದಾಗ ಅದು ಜಗಳವಾಗುವುದಿಲ್ಲ. ಮತ್ತೊಂದು: ನಕ್ಷೆ ಹಿಡಿದವರಿಗೆ ತಿನ್ನಲು ನೆನಪಿರುವುದಿಲ್ಲ. ಅವರ ಕೈಗೆ ತುತ್ತು ಕೊಡುವುದು ಉಳಿದವರ ಕೆಲಸ. ಸಕ್ಕರೆ ಇಳಿದ ತಲೆ ಓದುವ ನಕ್ಷೆಯಲ್ಲೇ ಹಳ್ಳಗಳು ದಿಕ್ಕು ಬದಲಿಸುವುದು.

ನಿದ್ದೆ. ಹದಿನೇಳು ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ, ಇಪ್ಪತ್ನಾಲ್ಕು ಗಂಟೆಗೆ 0.10 ಶೇಕಡಾದ ಮಟ್ಟಕ್ಕೆ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದ್ದು ಇದು. ಎರಡನೇ ರಾತ್ರಿಯ ತಂಡವೆಂದರೆ ನಾಲ್ವರು ಕುಡುಕರು ಸೇರಿ ಬೆಟ್ಟ ಹತ್ತುವ ಯೋಜನೆ ಹಾಕಿದ ಹಾಗೆ. ಭ್ರಮೆಗಳೂ ಶುರುವಾಗುತ್ತವೆ. ನಮ್ಮಲ್ಲೊಬ್ಬ ದಾರಿಬದಿಯ ಬಂಡೆಯೊಂದಕ್ಕೆ ‘ಸ್ವಲ್ಪ ಜಾಗ ಬಿಡ್ತೀರಾ ಸಾರ್’ ಎಂದು ಬಹಳ ವಿನಯದಿಂದ ಕೇಳಿದ. ಅದಕ್ಕಿಂತ ವಿಚಿತ್ರವೆಂದರೆ, ಹಿಂದಿದ್ದ ನಾನು ಆ ಬಂಡೆ ಸರಿಯಲಿ ಎಂದು ಕಾದೆ.

ಮಲಗುವುದು ಯಾವಾಗ ಎಂಬುದನ್ನು ಹಗಲಲ್ಲೇ ನಿರ್ಧರಿಸಿ. ಕೆಲವು ನದಿಗಳಲ್ಲಿ ಕತ್ತಲಾದ ಮೇಲೆ ದೋಣಿ ಇಳಿಸಲು ಬಿಡುವುದಿಲ್ಲ, ಹೇಗೂ ನಿಲ್ಲಲೇಬೇಕು. ನಿದ್ದೆಯನ್ನು ಅಲ್ಲಿಗೆ ಹೊಂದಿಸಿದರೆ ಅದು ಪುಕ್ಕಟೆ ನಿದ್ದೆ. ಇಲ್ಲದಿದ್ದರೆ, ಬೆಳಗಿನ ಜಾವ ಎರಡರಿಂದ ಐದರವರೆಗೆ ಮೈ ತಾನಾಗಿ ಕುಸಿಯುವ ಹೊತ್ತು. ಗಂಟೆಗೆ ಒಂದು ಕಿಲೋಮೀಟರ್ ತೂರಾಡುವ ಬದಲು ತೊಂಬತ್ತು ನಿಮಿಷ ಮಲಗಿ ಎದ್ದು ನಾಲ್ಕರ ವೇಗದಲ್ಲಿ ಹೋಗುವುದು ಲಾಭ. ನಾಲ್ವರೂ ಅಲಾರಂ ಇಟ್ಟುಕೊಳ್ಳಿ. ಒಮ್ಮೆ ನಾಲ್ಕೂ ಅಲಾರಂ ಹೊಡೆದು ಹೊಡೆದು ಸುಮ್ಮನಾದವು, ನಮ್ಮನ್ನು ಎಬ್ಬಿಸಿದ್ದು ಸೂರ್ಯ.

ಕಾಯಿಲೆಯ ಬಗ್ಗೆ ಒಂದು ಮಾತು, ಇದು ತಮಾಷೆಯಲ್ಲ. 2000ರಲ್ಲಿ ಬೋರ್ನಿಯೋದ ಸಬಾದಲ್ಲಿ ನಡೆದ ಇಕೋ ಚಾಲೆಂಜ್ ಮುಗಿಸಿ ಊರಿಗೆ ಹೋದವರು ಒಬ್ಬೊಬ್ಬರಾಗಿ ಜ್ವರ ಹಿಡಿದು ಮಲಗಿದರು. ಲೆಪ್ಟೋಸ್ಪೈರೋಸಿಸ್, ಇಲಿಜ್ವರ. ವಿಚಾರಿಸಲು ಸಿಕ್ಕ 189 ಸ್ಪರ್ಧಿಗಳಲ್ಲಿ 80 ಮಂದಿಗೆ ಆ ಲಕ್ಷಣಗಳಿದ್ದವು, ನೂರಕ್ಕೆ 42. ಸೆಗಾಮಾ ನದಿಯಲ್ಲಿ ಈಜಿದ್ದಕ್ಕೂ ಕಾಯಿಲೆಗೂ ನಂಟು ಕಂಡುಬಂತು. ಪ್ರಾಣಿಗಳ ಮೂತ್ರ ಸೇರಿದ ನೀರಿನಿಂದ, ಗಾಯದ ಮೂಲಕ ಈ ರೋಗಾಣು ಒಳಗೆ ಹೋಗುತ್ತದೆ. ಲಕ್ಷಣ ಕಾಣಿಸುವುದು ಹಲವು ದಿನಗಳಾದ ಮೇಲೆ. ರೇಸ್ ಮುಗಿಸಿ ವಾರದ ನಂತರ ಮೈಕೈ ನೋವು, ಜ್ವರ ಬಂದರೆ ‘ಆಯಾಸ, ಪರವಾಗಿಲ್ಲ’ ಅನ್ನಬೇಡಿ. ಯಾವ ನೀರಿಗಿಳಿದಿದ್ದಿರಿ ಎಂದು ಡಾಕ್ಟರಿಗೆ ಹೇಳಿ, ಉಳಿದ ಮೂವರಿಗೂ ಫೋನ್ ಮಾಡಿ.

ಈ ಪದವನ್ನು ತಂಡದಿಂದ ಓಡಿಸಲು ನಾವು ಏನೇನೋ ಮಾಡಿದೆವು. ಮೊದಲು, ಗಂಟೆಗೊಮ್ಮೆ ಪ್ರತಿಯೊಬ್ಬರೂ ಹತ್ತಕ್ಕೆ ಎಷ್ಟು ಎಂದು ತಮ್ಮ ಸ್ಥಿತಿಗೆ ಅಂಕ ಕೊಟ್ಟುಕೊಳ್ಳುವ ನಿಯಮ ತಂದೆವು. ಎಲ್ಲರೂ ಎಂಟು ಎಂಟು ಅನ್ನುತ್ತಿದ್ದೆವು. ಒಬ್ಬ ಎಂಟು ಅಂದ ಹತ್ತು ನಿಮಿಷಕ್ಕೆ ವಾಂತಿ ಮಾಡಿಕೊಂಡ. ಪರವಾಗಿಲ್ಲ ಎಂಬುದಕ್ಕೇ ಎಂಟು ಎಂದು ಹೊಸ ಹೆಸರಿಟ್ಟಿದ್ದೆವು, ಅಷ್ಟೇ. ಈಗ ‘ಹೇಗಿದ್ದೀಯ’ ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ಕೇಳುವುದು ಇಷ್ಟು: ಕೊನೆಗೆ ತಿಂದಿದ್ದು ಯಾವಾಗ? ಕೊನೆಗೆ ಮೂತ್ರಕ್ಕೆ ಹೋಗಿದ್ದು ಯಾವಾಗ, ಬಣ್ಣ ಏನು? ಶೂ ಒಳಗೆ ಏನಾದರೂ ಚುಚ್ಚುತ್ತಿದೆಯಾ? ಇವಕ್ಕೆ ಸುಳ್ಳು ಹೇಳಬೇಕಾದರೆ ಕಷ್ಟಪಟ್ಟು ಕಟ್ಟಬೇಕು, ಆ ಹೊತ್ತಿಗೆ ಅಷ್ಟು ಶಕ್ತಿ ಯಾರಿಗೂ ಇರುವುದಿಲ್ಲ.

ರೇಸಿಗೆ ಮೊದಲೇ ಕೂತು ಮಾತಾಡಬೇಕಾದ್ದೂ ಒಂದಿದೆ: ನಾವು ಬಂದಿರುವುದು ಸ್ಥಾನಕ್ಕೋ, ಮುಗಿಸುವುದಕ್ಕೋ? ಒಬ್ಬರು ಹಿಂದೆ ಸರಿದರೆ ತಂಡ ರ‍್ಯಾಂಕಿಂಗ್ ಕಳೆದುಕೊಳ್ಳುತ್ತದೆ. ಉಳಿದವರು ಮುಂದುವರಿಯಬಹುದೋ ಇಲ್ಲವೋ ಎಂಬುದು ಆಯಾ ರೇಸಿನ ನಿಯಮದಲ್ಲಿರುತ್ತದೆ, ಓದಿಕೊಂಡಿರಿ. ‘ನಿನ್ನಿಂದ ಹೋಯ್ತು’ ಎಂಬ ಮಾತು ಯಾರೂ ಆಡಬಾರದೆಂದು ಒಪ್ಪಿಕೊಂಡು ಹೊರಡದಿದ್ದರೆ, ಕಾಲು ಮುರಿದವರೂ ಎಂಟು ಅನ್ನುತ್ತಲೇ ಇರುತ್ತಾರೆ.

ಹೋದ ಸಲದ ರೇಸಿನಲ್ಲಿ, ಮೂರನೇ ರಾತ್ರಿ, ಉದ್ದನೆಯ ಏರು. ಹಿಂದೆ ನನಗೆ ಬೈದು ಹಗ್ಗ ಹಾಕಿಸಿದವಳು ನನ್ನ ಮುಂದೆ ನಡೆಯುತ್ತಿದ್ದಳು. ತಟ್ಟನೆ ತಿರುಗಿ, ‘ಆಗ್ತಿಲ್ಲ ಕಣೋ, ಚೀಲ ತಗೋ’ ಅಂದಳು. ನಡೆಯುತ್ತಲೇ ಕಳಚಿಕೊಟ್ಟಳು, ನಡೆಯುತ್ತಲೇ ಎದೆಗೆ ನೇತುಹಾಕಿಕೊಂಡೆ. ಇಪ್ಪತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. ಹಂಚೋಣ ಎಂದು ಜಿಪ್ ಎಳೆದರೆ ಒಳಗೆ ತಂಡದ ಉದ್ದನೆಯ ಹಗ್ಗವೂ ನನ್ನ ಒದ್ದೆ ಜಾಕೆಟ್ಟೂ ಇತ್ತು. ಹಿಂದಿನ ಟ್ರಾನ್ಸಿಷನ್‌ನಲ್ಲಿ ನಾನು ಪಾದ ಒಣಗಿಸುತ್ತ ಕೂತಿದ್ದಾಗ ತುರುಕಿಕೊಂಡಿರಬೇಕು.

‘ಇದನ್ನ ಯಾಕೆ ಹೇಳಲಿಲ್ಲ?’ ಅಂದೆ.

‘ಮಾತಾಡಬೇಡ, ಹತ್ತು’ ಅಂದಳು.